ಗುರುವಾರ ಬಂದ ಲಾಯರು

ಮಿಂಗೊ ಚಿಸಮ್ ನನಗಿಂತ ಎಂಟು ವರ್ಷ ಚಿಕ್ಕವನು, ಒಂದು ಗೇಣು ಹೆಚ್ಚು ಎತ್ತರದವನು. ನನ್ನ ಜನ್ಮದಲ್ಲಿ ನಾನು ಅತಿ ಹೆಚ್ಚು ಹೊಟ್ಟೆಕಿಚ್ಚು ಪಟ್ಟದ್ದು ಅವನನ್ನು ಕಂಡು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಬಗ್ಗೆ ನಾನು ಆಡುವ ಹೊಗಳಿಕೆಯೆಲ್ಲ ಹಲ್ಲು ಕಚ್ಚಿಕೊಂಡು ಆಡಿದ್ದು ಎಂದು ಗೊತ್ತಿದ್ದರೆ, ಅದಕ್ಕೆ ಬಣ್ಣ ಹಚ್ಚಿಲ್ಲವೆಂದು ನೀವೇ ನಂಬುತ್ತೀರಿ.

ನಾವಿಬ್ಬರೂ ಹುಟ್ಟಿದ್ದು ದಕ್ಷಿಣ ಕೆರೊಲಿನಾದ ಕಡಲಂಚಿನ ಒಂದು ದ್ವೀಪದಲ್ಲಿ, ಒಬ್ಬನೇ ಒಡೆಯನ ಗುಲಾಮರಾಗಿ, ಅಕ್ಕಪಕ್ಕದ ಗುಡಿಸಲುಗಳಲ್ಲಿ. ಉತ್ತರ, ದಕ್ಷಿಣ ರಾಜ್ಯಗಳ ಯುದ್ಧದ ಮೊದಲ ವರ್ಷ ಉತ್ತರದವರ ಹಡಗುಗಳು ಬಂದು ತೋಪು ಹಾರಿಸಿದ ದಿನ, ಒಡೆಯರೆಲ್ಲ ಒಲೆಯ ಮೇಲಿನ ಊಟ ಬಿಟ್ಟು ಓಡಿದರು. ನಮ್ಮ ಒಡೆಯ ದೋಣಿ ನಡೆಸಲು ಮಿಂಗೊನನ್ನು ಕೂಗಿದ. ಅವನು, ‘ಬಂದೆ ಸ್ವಾಮಿ, ಹುಟ್ಟು ತರ್ತೀನಿ’ ಎಂದು ಹೋದವನು ಜೌಗಿನ ಹುಲ್ಲಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತುಬಿಟ್ಟ. ಒಡೆಯ ಜನ್ಮದಲ್ಲಿ ಮೊದಲ ಸಲ ತನ್ನ ಕೈಯಾರೆ ಹುಟ್ಟು ಹಾಕಿದ. ಆ ಕತೆಯನ್ನು ಹೇಳಿಕೊಂಡು ನಮ್ಮವರು ಇವತ್ತಿಗೂ ನಗುತ್ತಾರೆ. ಅದೇ ದಿನ ನಾನು ಒಡೆಯನ ಕಣಜದ ಬೀಗ ಒಡೆದು ಎಲ್ಲರಿಗೂ ಜೋಳ ಹಂಚಿದ್ದೆ. ಅದನ್ನು ಯಾರೂ ಹೇಳುವುದಿಲ್ಲ.

ಆಮೇಲೆ ಉತ್ತರದಿಂದ ಟೀಚರಮ್ಮ ಬಂದಳು. ದೊಡ್ಡವರು, ಚಿಕ್ಕವರು ಎಲ್ಲ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತೆವು. ನನಗೆ ಓದು ಹತ್ತಲು ಮೂರು ವರ್ಷ ಬೇಕಾಯಿತು, ಅವನಿಗೆ ಮೂರು ತಿಂಗಳು. ಅವನು ನೀಲಿ ಕೋಟು ಹಾಕಿ ಸೈನ್ಯ ಸೇರಿದ, ಪಟಾಲಮ್ಮಿನ ಅರ್ಧ ಜನರ ಪರವಾಗಿ ಊರಿಗೆ ಕಾಗದ ಬರೆದ. ಯುದ್ಧ ಮುಗಿದ ಮೇಲೆ ಬ್ಯೂಫರ್ಟ್ ಪಟ್ಟಣದಲ್ಲಿ ಒಬ್ಬ ಕುಂಟ ಬಿಳಿ ಲಾಯರಿನ ಆಫೀಸು ಗುಡಿಸುವ ಕೆಲಸ ಹಿಡಿದ. ಗುಡಿಸಿದ್ದೆಷ್ಟೋ ದೇವರಿಗೇ ಗೊತ್ತು, ಕಪಾಟಿನ ಕಾನೂನು ಪುಸ್ತಕಗಳನ್ನಂತೂ ಒಂದೂ ಬಿಡದೆ ಓದಿದ. ನಾಲ್ಕನೆಯ ವರ್ಷ ಮೂವರು ವಕೀಲರು ಅವನನ್ನು ನಿಲ್ಲಿಸಿ ಅರ್ಧ ದಿನ ಪ್ರಶ್ನೆ ಕೇಳಿದರಂತೆ. ಹೊರಗೆ ಬಂದಾಗ ಅವನು ಲಾಯರ್ ಚಿಸಮ್ ಆಗಿದ್ದ. ಮುಂದಿನ ಚುನಾವಣೆಯಲ್ಲಿ ನಾವೇ ವೋಟು ಹಾಕಿ ಅವನನ್ನು ಶಾಸನಸಭೆಗೆ ಕಳಿಸಿದೆವು. ನಾನೂ ಹಾಕಿದೆ. ಹಾಕದಿದ್ದರೆ ನನ್ನ ಹೆಂಡತಿ ಬಿನಾ ಮನೆಗೆ ಸೇರಿಸುತ್ತಿರಲಿಲ್ಲ.

ಇನ್ನು ನನ್ನ ವಿಷಯ. ನಾನು ಬೀಸುಬಲೆ ಹೆಣೆಯುವವನು, ಹತ್ತು ಎಕರೆಯಲ್ಲಿ ಹತ್ತಿ, ಗೆಣಸು ಬೆಳೆಯುವವನು. ಆದರೆ ದ್ವೀಪದಲ್ಲಿ ನನಗೊಂದು ಕುರ್ಚಿ ಇತ್ತು. ನಮ್ಮ ಸ್ತುತಿಮನೆ, ಅಂದರೆ ನಾವು ಸೇರಿ ಹಾಡಿ ಪ್ರಾರ್ಥಿಸುವ ಜಾಗ, ನಾಲ್ಕು ಹಲಗೆ ಗೋಡೆಯ ಸಣ್ಣ ಕಟ್ಟಡ. ಒಳಗೆ ಎರಡು ಸಾಲು ಬೆಂಚು, ಮುಂದೆ ಒಂದು ಕುರ್ಚಿ, ಹೊರಗೆ ಜನರನ್ನು ಕರೆಯಲು ಗಂಟೆಯ ಬದಲು ಬಡಿಯುವ ನೇಗಿಲ ಕಬ್ಬಿಣ. ಗುಲಾಮಗಿರಿಯ ಕಾಲದಿಂದಲೂ ನಮ್ಮ ಜಗಳಗಳು ತೀರ್ಮಾನವಾಗುತ್ತಿದ್ದುದು ಅಲ್ಲೇ. ಹಂದಿ ಬೇಲಿ ನುಗ್ಗಿದ್ದು, ಗಂಡ ಕೈ ಮಾಡಿದ್ದು, ಒಬ್ಬಳ ಮಾತನ್ನು ಇನ್ನೊಬ್ಬಳು ಊರೆಲ್ಲ ಹರಡಿದ್ದು, ಎಲ್ಲ. ಅದಕ್ಕೆ ನಾವು ‘ನ್ಯಾಯದ ಕಟ್ಟಲೆ’ ಎನ್ನುತ್ತೇವೆ. ಪಟ್ಟಣದ ಕೋರ್ಟಿಗೆ ನಾವಿಟ್ಟ ಹೆಸರು ‘ಅನ್ಯಾಯದ ಕಟ್ಟಲೆ’. ಸ್ತುತಿಮನೆಯವನು ಸ್ತುತಿಮನೆಯವನ ಮೇಲೆ ದೂರು ಕೊಡುವುದಿದ್ದರೆ ಮೊದಲು ಇಲ್ಲಿಗೆ ಬರಬೇಕು. ಬರದೆ ನೇರವಾಗಿ ಕೋರ್ಟಿಗೆ ಹೋದವನನ್ನು ಹೊರಗಿಡುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂತು ಅವನು ತಪ್ಪು ಒಪ್ಪಿಕೊಳ್ಳುವವರೆಗೆ ಅವನಿಗೆ ಬಲಗೈ ಕೊಡುವಂತಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮುಂದಿನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನಡೆಸುತ್ತಿದ್ದವನು ನಾನು.

ಮಿಂಗೊ ಲಾಯರಾದ ಮೇಲೆ ಆ ಕುರ್ಚಿಯ ಕಾಲು ಅಲುಗಾಡತೊಡಗಿತು. ಅವನು ಭಾನುವಾರ ಬಂದು ಎಲ್ಲರ ಹಾಗೆ ಬೆಂಚಿನಲ್ಲೇ ಕೂರುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ನಾನು ತೀರ್ಪು ಹೇಳಿದ ಕೂಡಲೇ ಐವತ್ತು ತಲೆಗಳು ಅವನ ಕಡೆ ತಿರುಗುತ್ತಿದ್ದವು, ಅವನು ಹೂಂ ಅನ್ನುತ್ತಾನೋ ಎಂದು. ಅವನ ಬೂಟು ಕಿರ್ ಕಿರ್ ಅನ್ನುತ್ತಿತ್ತು. ಶಾಸನಸಭೆಗೆ ಹಾಕುವ ಕರಿಯ ಕೋಟನ್ನು ಮರದ ಕೊಂಬೆಗೆ ತೂಗುಹಾಕಿ, ಗೆಣಸಿನ ಮಡಿಯಲ್ಲಿ ಮುದುಕಿಯರ ಜೊತೆ ಕುಕ್ಕರಗಾಲಲ್ಲಿ ಕೂತು ಜಮೀನಿನ ಕಾಗದ ಓದಿ ಹೇಳುತ್ತಿದ್ದ. ದೋಣಿಕಟ್ಟೆ ಮಾಡಿಸಿದ, ಸ್ಕೂಲಿಗೆ ಎರಡನೆಯ ಟೀಚರಮ್ಮನನ್ನು ಕರೆಸಿದ. ಮನೆಯಲ್ಲಿ ಬಿನಾ ಬಾಯಿ ತೆರೆದರೆ, ‘ಮಿಂಗೊ ಹೀಗಂದನಂತೆ’, ‘ಮಿಂಗೊ ಹಾಗಂದನಂತೆ’. ಒಂದು ದಿನ ನನಗೆ ರೇಗಿತು.

“ನಿನಗೆ ಊಟಕ್ಕೆ ಹಾಕೋನು ಮಿಂಗೊನೋ ನಾನೋ?” ಎಂದೆ.

“ನಾನು ಬೇಯಿಸಿ ಹಾಕ್ತಿರೋದು ನಿನಗೆ. ಆ ಪ್ರಶ್ನೆ ನಾನು ಕೇಳ್ಬೇಕು” ಎಂದಳು.

ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ಹಳೆಯ ಒಡೆಯರ ಮಕ್ಕಳು ಕೆಂಪು ಅಂಗಿ ತೊಟ್ಟು, ಬಂದೂಕು ಹಿಡಿದು, ಒಳನಾಡಿನ ಊರುಗಳಲ್ಲಿ ನಮ್ಮವರನ್ನು ಹೆದರಿಸುತ್ತಿದ್ದರು. ಆ ಸಲದ ಚುನಾವಣೆ ಹುಡುಗಾಟವಲ್ಲ ಎಂದು ಮಿಂಗೊ ಹೇಳುತ್ತಲೇ ಇದ್ದ. ಅದಕ್ಕೆ ಇನ್ನೂ ಎರಡು ವಾರದ ಮೇಲಿತ್ತು. ಒಂದು ಗುರುವಾರ ಮಧ್ಯಾಹ್ನ ನಾನು ಜಗುಲಿಯಲ್ಲಿ ಬಲೆ ಹೆಣೆಯುತ್ತಿದ್ದಾಗ ಅವನು ಬಂದು ಎದುರಿಗೆ ಕೂತ.

“ಟೈಟಸಣ್ಣ, ಫಿಬಿ ಅಕ್ಕನ ವಿಷಯ. ಅವಳ ಮೈದುನ ಕಫಿ ಇದಾನಲ್ಲ, ಅವಳ ಹತ್ತೆಕರೆ ಮಾರ್ತಿದಾನೆ. ಶನಿವಾರ ಬ್ಯೂಫರ್ಟ್‌ನಲ್ಲಿ ರುಜು ಹಾಕ್ತಾನಂತೆ.”

“ಅದು ಅವನ ಅಣ್ಣನ ಜಮೀನು.”

“ಅಣ್ಣ ಸತ್ತ, ಅತ್ತಿಗೆ ಬದುಕಿದಾಳಲ್ಲ. ಕೊಳ್ಳೋನು ಹೊರಗಿನ ಹತ್ತಿ ದಲ್ಲಾಳಿ. ಒಂದ್ಸಲ ಅವನ ಕೈಗೆ ಹೋದ್ರೆ ಅವನು ಸ್ತುತಿಮನೆ ಮಾತು ಕೇಳ್ತಾನಾ? ಇವತ್ತೇ ಕಬ್ಬಿಣ ಬಡಿಸಿ ಹಿರಿಯರನ್ನ ಕೂರಿಸು. ಕಫಿ ನಿನಗೆ ಹೆದರ್ತಾನೆ. ನೀನು ಒಂದು ಮಾತು ಅಂದ್ರೆ ಸಾಕು.”

ಅವನು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಮರೆಮಾಚುವುದೇನು, ಎದ್ದು ನೇಗಿಲ ಕಬ್ಬಿಣ ಬಡಿಯಲು ಸುತ್ತಿಗೆಯ ಕಡೆ ನೋಡಿದ್ದೂ ಉಂಟು. ಅಷ್ಟರಲ್ಲಿ ಬಿನಾ ಅನ್ನ, ಸಿಗಡಿ ತಂದು ಅವನ ಮುಂದೆ ಇಟ್ಟಳು. ತಟ್ಟೆಯ ತುಂಬ ದೊಡ್ಡ ಸಿಗಡಿಗಳು. ನನಗೆ ಬೆಳಿಗ್ಗೆ ಹಾಕಿದ್ದು ಬೆರಳ ತುದಿಯಷ್ಟರವು. ಅವನು ಉಣ್ಣುತ್ತ, “ನೀನು ಕೂರಿಸದಿದ್ರೆ ನಾಳೆ ನಾನೇ ಜಡ್ಜ್ ಹತ್ತಿರ ಹೋಗಿ ತಡೆ ತರಬೇಕಾಗತ್ತೆ” ಎಂದ. ಇವನಿಗೆ ನಾನು ಇಲ್ಲದೆಯೂ ನಡೆಯುತ್ತದೆ ಎಂಬುದು ನನ್ನ ಎದೆಗೆ ಚುಚ್ಚಿತು.

“ಸ್ತುತಿಮನೆ ಕೂರೋದು ಭಾನುವಾರ” ಎಂದೆ.

“ಹೋದ ತಿಂಗಳು ಹಂದಿ ಜಗಳಕ್ಕೆ ಬುಧವಾರ ಕೂರಿಸಿದ್ದೆಯಲ್ಲ?”

“ಹಂದಿ ಓಡಿಹೋಗತ್ತೆ. ಜಮೀನು ಎಲ್ಲಿಗೂ ಓಡಲ್ಲ.”

ಅವನು ತಟ್ಟೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. “ಅಣ್ಣ, ನನ್ನ ಮೇಲೆ ಏನಾದ್ರೂ ಕೋಪ ಇದೆಯಾ?” ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದೆ. ಬಾಗಿಲಲ್ಲಿ ನಿಂತು ಬಿನಾ ಎಲ್ಲವನ್ನೂ ಕೇಳಿದಳು.

ಶುಕ್ರವಾರ ಅವನು ಬ್ಯೂಫರ್ಟ್‌ಗೆ ಹೋಗಿ ಜಡ್ಜ್ ಹತ್ತಿರ ತಡೆಯಾಜ್ಞೆ ತಂದ. ಶನಿವಾರ ರುಜು ಹಾಕಲು ಹೋದ ಕಫಿ ಬರಿಗೈಯಲ್ಲಿ ಮರಳಿದ. ಫಿಬಿಯ ಜಮೀನು ಉಳಿಯಿತು. ಭಾನುವಾರ ಕಫಿ ಸ್ತುತಿಮನೆಯಲ್ಲಿ ಎದ್ದು ನಿಂತು ದೂರು ಕೊಟ್ಟ.

“ನಾನೂ ಈ ಮನೆಯವನು, ಫಿಬಿನೂ ಈ ಮನೆಯವಳು. ಮಿಂಗೊ ನಮ್ಮನ್ನ ಕೇಳದೆ ಅನ್ಯಾಯದ ಕಟ್ಟಲೆಗೆ ಹೋದ. ನಾವು ಹೋಗಿದ್ರೆ ಹೊರಗಿಡ್ತಿದ್ರಿ. ಲಾಯರಾದ್ರೆ ಬೇರೆ ಕಟ್ಟಲೆನಾ?”

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಕಫಿ ದುರಾಸೆಯವನೆಂದು ಎಲ್ಲರಿಗೂ ಗೊತ್ತು, ಆದರೆ ಕಟ್ಟಲೆ ಕಟ್ಟಲೆಯೇ. ಅದೊಂದನ್ನು ನಾವು ಯಾವ ಒಡೆಯನಿಂದಲೂ ಪಡೆದಿರಲಿಲ್ಲ, ನಾವೇ ಮಾಡಿಕೊಂಡದ್ದು. ಮಿಂಗೊ ಎದ್ದ.

“ಕೇಳದೆ ಹೋಗ್ಲಿಲ್ಲ. ಗುರುವಾರ ಟೈಟಸಣ್ಣನ ಹತ್ತಿರ ಹೋಗಿದ್ದೆ. ಮನೆ ಕೂರಿಸು ಅಂತ ಬೇಡ್ಕೊಂಡೆ.”

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಎಷ್ಟೋ ವರ್ಷಗಳ ಮೇಲೆ ಅವನನ್ನು ಬಿಟ್ಟು ನನ್ನ ಕಡೆ ನೋಡುತ್ತಿದ್ದರು. ಆ ಸುಖವನ್ನು ಹೇಗೆ ಹೇಳಲಿ, ನಾಚಿಕೆಯಾಗುತ್ತದೆ. ಹೌದು ಎಂಬ ಒಂದು ಮಾತು ಸಾಕಿತ್ತು. ಆದರೆ ಹೌದೆಂದರೆ, ಕೇಳಿದಾಗ ನೀನೇಕೆ ಕೂರಿಸಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು.

“ಬಂದಿದ್ದ. ಬಲೆ ಎಷ್ಟು ದಿನಕ್ಕೆ ಆಗತ್ತೆ ಅಂತ ಕೇಳಿದ. ಅನ್ನ ಉಂಡ, ಹೋದ” ಎಂದೆ.

ಹೆಂಗಸರ ಸಾಲಿನಲ್ಲಿ ಬಿನಾ ತಲೆ ಬಗ್ಗಿಸಿದಳು. ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸುವ ಮಿಂಗೊ ಇಲ್ಲಿ ಒಂದು ಮರುಪ್ರಶ್ನೆಯನ್ನೂ ಹಾಕಲಿಲ್ಲ. ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ಅವಳನ್ನು ಸಾಕ್ಷಿಗೆ ಎಳೆಯದೆ ಬಿಟ್ಟ. ಹಿರಿಯರು ಅವನನ್ನು ಹೊರಗಿಟ್ಟರು. ಈಗಲೇ ತಪ್ಪು ಒಪ್ಪಿಕೋ, ಈಗಲೇ ಬಲಗೈ ಕೊಡುತ್ತೇವೆ ಎಂದು ಒಬ್ಬರು ಹೇಳಿದ್ದಕ್ಕೆ, “ಮಾಡದ ತಪ್ಪನ್ನ ಒಪ್ಕೊಂಡು ವೋಟು ಉಳಿಸ್ಕೊಳ್ಳೋಕೆ ನನ್ನಿಂದ ಆಗಲ್ಲ” ಎಂದು ಹಿಂದಿನ ಬೆಂಚಿಗೆ ಹೋಗಿ ಕೂತ. ಅವನಿಗೂ ಜಂಬ ಕಡಿಮೆ ಇರಲಿಲ್ಲ.

ಆ ದಿನ ಮನೆಗೆ ಬಂದ ಮೇಲೆ ಬಿನಾ ಒಂದೇ ಮಾತು ಆಡಿದಳು. “ನಾನು ಎಲ್ಲರ ಮುಂದೆ ಗಂಡನ ಮಾನ ಕಳೆಯೋಳಲ್ಲ. ನೀನೇ ಸರಿಮಾಡು. ಚುನಾವಣೆ ಒಳಗೆ ಮಾಡು.” ಮಾಡುತ್ತೇನೆ ಎಂದೆ. ಮಾಡುವ ಮನಸ್ಸೂ ಇತ್ತು. ಮುಂದಿನ ಭಾನುವಾರ ಬಂತು, ನಾಲಿಗೆ ಹೊರಳಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು.

ವೋಟಿನ ದಿನ ಪೆಟ್ಟಿಗೆ ಇಟ್ಟದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಗಂಡಸರೆಲ್ಲ ಗುಂಪಾಗಿ ಬಂದರು, ಹೆಂಗಸರು ಕೊಡಲಿ, ದೊಣ್ಣೆ ಹಿಡಿದು ಸುತ್ತ ಕಾವಲು ನಿಂತರು. ಆ ಕಾಲದಲ್ಲಿ ಚೀಟಿಯನ್ನು ಹುರಿಯಾಳಿನ ಕಡೆಯವರೇ ಅಚ್ಚು ಹಾಕಿಸಿ ತಂದು ಹಂಚಬೇಕಿತ್ತು. ಓದಲು ಬರುವವರು ಹತ್ತಕ್ಕೆ ಒಬ್ಬರು. ಅದಕ್ಕೇ ನಮ್ಮವರು ಚೀಟಿಯನ್ನು ನೋಡುತ್ತಿರಲಿಲ್ಲ, ಕೊಡುವ ಕೈಯನ್ನು ನೋಡುತ್ತಿದ್ದರು. ಬೇರೆ ಯಾರೋ ಮೋಸದ ಚೀಟಿ ಕೊಟ್ಟಾರೆಂದು ಮಿಂಗೊ ಪ್ರತಿ ಸಲವೂ ತನ್ನ ಕೈಯಿಂದಲೇ ಹಂಚುತ್ತಿದ್ದ. ಈ ಸಲವೂ ಚೀಟಿಯ ಕಂತೆ ಹಿಡಿದು ಬಾಗಿಲ ಪಕ್ಕ ನಿಂತ.

ಯಾರೂ ತೆಗೆದುಕೊಳ್ಳಲಿಲ್ಲ.

ಬಂದವರು ಅವನ ಮುಖ ನೋಡುವರು, ಕೈ ನೋಡುವರು, ತಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವರು. ಅವನ ಜೊತೆ ಯುದ್ಧಕ್ಕೆ ಹೋಗಿದ್ದ ಸ್ಯಾಂಬೊ ಪೋಲೈಟ್ ಕಣ್ಣಲ್ಲಿ ನೀರು ತಂದುಕೊಂಡು, “ಏನ್ ಮಾಡ್ಲೋ ತಮ್ಮ, ಮನೆ ಮಾತು ಮೀರೋಕಾಗಲ್ಲ” ಎಂದು ಪಕ್ಕಕ್ಕೆ ಸರಿದ. ಗವರ್ನರಿಗೆ ಹಾಕುವ ಚೀಟಿಯನ್ನು ಬೇರೊಬ್ಬ ಹಂಚುತ್ತಿದ್ದ. ಅದನ್ನಷ್ಟೇ ಹಾಕಿ ಬಂದರು. ಕೆಲವರು ಅದನ್ನೂ ಹಾಕದೆ ನಿಂತರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡತೊಡಗಿದರು. ಕುರ್ಚಿಯವನು ಒಂದು ಚೀಟಿ ತೆಗೆದುಕೊಂಡರೆ ಉಳಿದವರಿಗೂ ದಾರಿಯಾಗುತ್ತಿತ್ತು.

ಮಿಂಗೊ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದ. ಬೆವರಿದ್ದ. ಅವನು ಬೆವರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಟೈಟಸಣ್ಣ, ನಾನು ಗುರುವಾರದ ಮಾತು ಎತ್ತಲ್ಲ. ನನ್ನ ಕೈ ಬೇಡ ಅಂದ್ರೆ ನೀನೇ ಹಂಚು. ಈ ಸಲ ಸೋತ್ರೆ ನಾನು ಸೋಲೋದಲ್ಲ. ಅವರು ಈ ಪೆಟ್ಟಿಗೇನೇ ಎತ್ಕೊಂಡು ಹೋಗ್ತಾರೆ.”

“ಗೆದ್ರೆ ನಿನ್ನ ಹೆಸರು, ಸೋತ್ರೆ ನಮ್ಮ ಸೋಲೋ?” ಎಂದೆ.

“ಗೆದ್ರೆ ನೀನೇ ಗೆಲ್ಲಿಸ್ದೆ ಅಂತ ಈ ಬಾಗಿಲಲ್ಲೇ ನಿಂತು ಕೂಗಿ ಹೇಳ್ತೀನಿ. ಹಿಡ್ಕೊ.”

ಅವನು ಕಂತೆ ಚಾಚಿಕೊಂಡೇ ಇದ್ದ. ಫಿಬಿ ಕೊಡಲಿ ಊರಿಕೊಂಡು ನೋಡುತ್ತಿದ್ದಳು, ಬಿನಾ ನೋಡುತ್ತಿದ್ದಳು. ಅಷ್ಟು ಜನ ನನ್ನ ಕೈಗಾಗಿ ಕಾಯುತ್ತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ಮಿಂಗೊ. ಇನ್ನೊಂದು ಗಳಿಗೆ ಕಾಯಲಿ ಎನಿಸಿತು. ಅವನು ಬೇಡುವುದು ಇನ್ನೊಂದು ಗಳಿಗೆ ಇರಲಿ. ಹಾಗೆ ಗಳಿಗೆಯ ಮೇಲೆ ಗಳಿಗೆ ಹೋಯಿತು. ನನ್ನ ಕೈ ಜೇಬಿನಲ್ಲೇ ಇತ್ತು. ಕೊನೆಗೆ ಅವನು ಕಂತೆಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಹೋಗಿ, ಸೂರ್ಯ ಇಳಿದು ಪೆಟ್ಟಿಗೆಗೆ ಬೀಗ ಹಾಕುವವರೆಗೂ ಅಲ್ಲೇ ನಿಂತಿದ್ದ.

ಬೇರೆ ಕಡೆ ವೋಟು ಬಂದಿದ್ದರೂ ಹತ್ತೊಂಬತ್ತು ವೋಟಿನ ಅಂತರದಲ್ಲಿ ಸೋತ. ನಮ್ಮ ಸ್ತುತಿಮನೆಯೊಂದರಲ್ಲೇ ಎಪ್ಪತ್ತು ಗಂಡಸರಿದ್ದೆವು.

ಮುಂದಿನ ಭಾನುವಾರ ಅವನು ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬಂದ. “ಚುನಾವಣೆ ಮುಗೀತು. ಈಗ ಹೇಳಿದ್ರೆ ವೋಟಿಗೋಸ್ಕರ ಅಂತ ಯಾರೂ ಅನ್ನಲ್ಲ. ನ್ಯಾಯದ ಕಟ್ಟಲೆಗಿಂತ ಮೊದಲು ಅನ್ಯಾಯದ ಕಟ್ಟಲೆಗೆ ಹೋದೆ. ಮನೆ ನನ್ನನ್ನ ಕ್ಷಮಿಸಲಿ” ಎಂದು ಮಂಡಿಯೂರಿದ. ನಾನು ಕುರ್ಚಿಯಿಂದ ಇಳಿದು ಅವನಿಗೆ ಬಲಗೈ ಕೊಡಬೇಕು, ಕೊಟ್ಟೆ. ಅವನ ಅಂಗೈ ಬಿಸಿಯಾಗಿತ್ತು, ನನ್ನದು ಹಿಮವಾಗಿತ್ತು. ಎಲ್ಲರೂ ಹಾಡಿದರು, ಪಾದ ಎಳೆಯುತ್ತ ವರ್ತುಲವಾಗಿ ಸುತ್ತಿ ಕುಣಿದರು. ನನ್ನ ದೊಡ್ಡ ಮನಸ್ಸನ್ನು ಎಷ್ಟೋ ಜನ ಹೊಗಳಿದರು.

ಆಮೇಲೆ ಎಲ್ಲ ಅವನು ಹೇಳಿದ ಹಾಗೇ ಆಯಿತು. ಉತ್ತರದ ಸಿಪಾಯಿಗಳು ವಾಪಸಾದರು, ಹಳೆಯ ಒಡೆಯರ ಮಕ್ಕಳು ಶಾಸನಸಭೆಯಲ್ಲಿ ಕೂತರು. ಎರಡು ವರ್ಷಕ್ಕೆ ಬಂದ ಚುನಾವಣೆಯಲ್ಲಿ ಪೆಟ್ಟಿಗೆ ನಮ್ಮ ದ್ವೀಪಕ್ಕೆ ಬರಲೇ ಇಲ್ಲ. ಅದನ್ನು ನದಿಯಾಚೆ ಒಳನಾಡಿನ ಒಂದು ಊರಿಗೆ ಒಯ್ದರು. ಅಲ್ಲಿಗೆ ಹೋಗಿ ಬರಲು ಎರಡು ದಿನ, ದಾರಿಯಲ್ಲಿ ಬಂದೂಕಿನವರು. ಮಿಂಗೊ ಅರ್ಜಿಯ ಮೇಲೆ ಅರ್ಜಿ ಬರೆದ. ಕೋರ್ಟಿನ ಕೆಲಸ ಬಿಡಲಿಲ್ಲ. ಕರಿಯ ಕೋಟು ಮೊಣಕೈಯಲ್ಲಿ ಹರಿದಿತ್ತು, ಬಿನಾ ಎರಡು ಸಲ ತೇಪೆ ಹಾಕಿಕೊಟ್ಟಳು. ಹರಿದ ಕೋಟಿನವನನ್ನು ನೋಡಿಯೂ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಜನ ಆಗಲೂ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಅವನು ಎದುರು ಸಿಕ್ಕಾಗ ಟೋಪಿ ತೆಗೆದು, “ಏನಣ್ಣ, ಬಲೆ ಹೇಗಿದೆ?” ಎನ್ನುತ್ತಿದ್ದ. ಅದರಲ್ಲಿ ಚುಚ್ಚುಮಾತು ಇದೆಯೋ ಎಂದು ನಾನು ಇಪ್ಪತ್ತೊಂದು ವರ್ಷ ಹುಡುಕಿದೆ. ಇತ್ತೋ ಇಲ್ಲವೋ ಇವತ್ತಿಗೂ ತಿಳಿಯದು.

ಹೋದ ಜನವರಿಯಲ್ಲಿ ಎದೆಶೀತ ಬಂದು ಸತ್ತ. ಐವತ್ತನಾಲ್ಕು ವರ್ಷ. ಮಣ್ಣು ಮಾಡಿದ ಮೇಲೆ ಬಂದ ಭಾನುವಾರ ನಾನು ಕುರ್ಚಿಯಿಂದ ಎದ್ದು ನಿಂತೆ. ಸತ್ತವನ ಮುಂದೆ ಇನ್ನೇನು ಪಂದ್ಯ, ಈಗಲಾದರೂ ಹೇಳಿ ಹಗುರಾಗೋಣ ಎನಿಸಿತ್ತು.

“ಆ ಗುರುವಾರ ಅವನು ಬಲೆಗೆ ಬಂದಿರ್ಲಿಲ್ಲ. ಮನೆ ಕೂರಿಸು ಅಂತ ಬೇಡೋಕೆ ಬಂದಿದ್ದ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ. ಈ ಮನೆಯಲ್ಲಿ, ಈ ಕುರ್ಚಿಯಲ್ಲಿ ಕೂತು ಹೇಳಿದೆ. ಅದಕ್ಕೇ ಅವನು ಸೋತ, ಅದಕ್ಕೇ ಪೆಟ್ಟಿಗೆ ಹೋಯ್ತು.”

ಗದ್ದಲವಾಗುತ್ತದೆ, ಯಾರಾದರೂ ಎದ್ದು ಬರುತ್ತಾರೆ ಎಂದುಕೊಂಡಿದ್ದೆ. ಒಂದು ಬೆಂಚೂ ಕದಲಲಿಲ್ಲ. ಮುದುಕಿಯಾದ ಫಿಬಿ ಬಾಯಿ ಒರೆಸಿಕೊಂಡು, “ನಮಗೆ ಗೊತ್ತು ಟೈಟಸಣ್ಣ, ಕೂತ್ಕೊ” ಎಂದಳು.

“ಏನು ಗೊತ್ತು?”

“ಎಲ್ಲ. ಆ ಚಳಿಗಾಲದಲ್ಲೇ ಬಿನಾ ನನ್ನ ಮುಂದೆ ಅತ್ತು ಹೇಳಿದ್ಲು. ನಾನು ಸುಮ್ನಿರ್ತೀನಾ? ಮನೆಮನೆಗೂ ಹೋದೆ. ನಿನ್ನನ್ನ ಕುರ್ಚಿ ಸಮೇತ ಹೊರಗೆ ಎಸೆಯೋಕೆ ನಲವತ್ತು ಹೆಂಗಸರು ತೋಳೇರಿಸಿ ನಿಂತಿದ್ವಿ. ಮಿಂಗೊ ಬಂದು ತಡೆದ.”

“ಅವನೇಕೆ ತಡೆದ?”

“ಪೆಟ್ಟಿಗೆ ಹೇಗೂ ಹೋಗತ್ತೆ, ನಾವೇ ಆರಿಸಿ ಕೂರಿಸಿದ್ದು ಅಂತ ಇನ್ನು ಉಳಿಯೋದು ಆ ಒಂದು ಕುರ್ಚಿ, ಅದನ್ನೂ ಮುರೀಬೇಡಿ ಅಂದ. ಟೈಟಸಣ್ಣ ಒಳ್ಳೇ ತೀರ್ಪು ಕೊಡ್ತಾನೆ, ನನ್ನ ವಿಷಯ ಒಂದು ಬಿಟ್ಟು ಅಂದ. ಆಮೇಲೆ ನಕ್ಕ. ‘ಇಳಿಸಿದ್ರೆ ದಿನಾ ನನ್ನ ಆಫೀಸಿಗೆ ಬಂದು ತಲೆ ತಿಂತಾನೆ, ಅಲ್ಲೇ ಇರ್ಲಿ ಬಿಡಿ’ ಅಂದ.”

ಅಲ್ಲಲ್ಲಿ ಜನ ಮೆಲ್ಲಗೆ ನಕ್ಕರು. ಇಪ್ಪತ್ತೊಂದು ವರ್ಷ ನಾನು ತೀರ್ಪು ಹೇಳಿದಾಗಲೆಲ್ಲ ಈ ಮುಖಗಳು ನನ್ನ ಮಾತಿಗೆ ತಲೆಯಾಡಿಸಿದ್ದವು. ಅದು ನನ್ನ ಯೋಗ್ಯತೆಗೆ ಎಂದು ತಿಳಿದಿದ್ದೆ.

“ಹಾಗಾದ್ರೆ ಈಗ ಹೊರಗಿಡಿ. ಕಟ್ಟಲೆ ಕಟ್ಟಲೆಯೇ. ಸುಳ್ಳು ಹೇಳಿದೋನು ಹಿಂದಿನ ಬೆಂಚಿಗೆ ಹೋಗ್ಬೇಕು” ಎಂದು ಕುರ್ಚಿ ಬಿಟ್ಟು ಹೊರಟೆ. ನಾನು ಹೇಳಿದ್ದು ಮನಸ್ಸಿನಿಂದ.

ಫಿಬಿ ಕೋಲು ಅಡ್ಡ ಹಿಡಿದಳು. “ಆಗಲ್ಲ. ನೀನು ಬದುಕಿರೋವರೆಗೆ ಇಳಿಸಲ್ಲ ಅಂತ ಅವನಿಗೆ ಮಾತು ಕೊಟ್ಟಿದೀವಿ.”

“ಅವನು ಸತ್ತ.”

“ಮಾತು ಸತ್ತಿಲ್ಲ.”

ನಾನು ಹಿರಿಯರ ಕಡೆ ನೋಡಿದೆ, ಅವರು ನೆಲ ನೋಡಿದರು. ಬಿನಾ ಕಡೆ ನೋಡಿದೆ, ಅವಳು ಕುರ್ಚಿಯ ಕಡೆ ಗಲ್ಲ ತೋರಿಸಿದಳು. ಹೋಗಿ ಕೂತೆ. ನನ್ನದೇ ಸ್ತುತಿಮನೆಯಲ್ಲಿ, ನನ್ನದೇ ತಪ್ಪಿಗೆ, ನನ್ನದೇ ಬಾಯಿಯಿಂದ ಶಿಕ್ಷೆ ಕೇಳಿದರೂ ನನ್ನ ಮಾತು ನಡೆಯಲಿಲ್ಲ. ನಡೆದದ್ದು ಅವನ ಮಾತು.